ಎಣ್ಣೆ ಬಾಟ್ಲಿ ನೋಡಿ ಸ್ವೆಟರ್ ಹಾಕುವವರು

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಥರ್ಮಾಮೀಟರ್ ಇಲ್ಲ, ಕೊಬ್ಬರಿ ಎಣ್ಣೆ ಬಾಟ್ಲಿ ಇದೆ. 24 ಡಿಗ್ರಿ ಆಸುಪಾಸಿಗೆ ಇಳಿದರೆ ಎಣ್ಣೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಅಮ್ಮ ಬಾಟ್ಲಿ ತಲೆಕೆಳಗು ಮಾಡುತ್ತಾಳೆ. ಎಣ್ಣೆ ಕದಲಲಿಲ್ಲವೋ, ಎಲ್ಲರಿಗೂ ಸ್ವೆಟರ್. ವಾದ ಮಾಡುವ ಹಾಗಿಲ್ಲ. ಚಾರ್ಮಾಡಿ ಇಳಿದು ಉಜಿರೆಗೆ ಹೋದರೆ ಅದೇ ಎಣ್ಣೆ ನೀರಾಗಿರುತ್ತದೆ, ಕೊಟ್ಟಿಗೆಹಾರದಲ್ಲಿ ಹಾಕಿದ ಸ್ವೆಟರ್ ಅಲ್ಲಿ ಕಂಕುಳಿಗೆ ಬಂದಿರುತ್ತದೆ.

ಹೋದ ಮೇ ತಿಂಗಳು ಗೆಳೆಯನ ಮದುವೆಗೆ ಜೋಧಪುರಕ್ಕೆ ಹೊರಟೆ. ಆ ವಾರ ನಮ್ಮಲ್ಲಿ ಮಳೆ ಹಿಡಿದುಕೊಂಡು ಬಾಟ್ಲಿಯ ತಳದಲ್ಲಿ ಒಂಚೂರು ಬೆಳ್ಳಗೆ ಕೂತಿತ್ತು, ಅಮ್ಮನಿಗೆ ಅಷ್ಟೇ ಸಾಕಾಯ್ತು, ನಾನು ಬೇಡ ಬೇಡ ಅಂದರೂ ಬ್ಯಾಗಿಗೆ ಸ್ವೆಟರ್ ತುರುಕಿ ಅದರ ಮೇಲೆ ಒಂದು ಬಾಟ್ಲಿ ಎಣ್ಣೆಯನ್ನೂ ಇಟ್ಟಳು.

ರೈಲು ಇಳಿದಾಗ 45 ಡಿಗ್ರಿ. ಹಂಡೆ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ ಗಾಳಿ. ಅದಕ್ಕೆ 'ಲೂ' ಅಂತಾರಂತೆ. ಯಾರೋ ಬಂದು ನನ್ನ ಜೇಬಿಗೆ ಹಸಿ ಈರುಳ್ಳಿ ಹಾಕಿದರು, ಲೂ ಬಡಿಯಬಾರದು ಅಂತ. ಸ್ನಾನಕ್ಕೆ ಹೋದರೆ ಎರಡು ನಲ್ಲಿಯಲ್ಲೂ ಸುಡುನೀರು. ಗೀಸರ್ ಆಫ್ ಮಾಡಿ ಅಂತ ಒಳಗಿಂದಲೇ ಕೂಗಿದೆ. ಗೀಸರ್ ಹಾಕಿ ತಿಂಗಳಾಯ್ತು, ಅದು ತಾರಸಿ ಟ್ಯಾಂಕಿನ ನೀರು ಅಂದರು. ಅಲ್ಲಿನವರು ರಾತ್ರಿಯೇ ಬಕೆಟ್ ತುಂಬಿಸಿ ಆರಲು ಬಿಡುತ್ತಾರೆ.

ಗೆಳೆಯನ ಮಾವನಿಗೆ ನನ್ನ ಒದ್ದಾಟ ನೋಡಿ ಖುಷಿ. 'ಇದೇನು ಬಿಸಿಲು, ನಮ್ಮ ಫಲೋದಿಯಲ್ಲಿ 2016ರ ಮೇ 19ಕ್ಕೆ 51 ಆಗಿತ್ತು' ಅಂದರು, ಮಗ ರ‍್ಯಾಂಕ್ ಬಂದಷ್ಟು ಹೆಮ್ಮೆಯಿಂದ. ಚೂರು ಅಂತ ಇನ್ನೊಂದು ಊರಿದೆಯಂತೆ, ಜೂನಲ್ಲಿ 50 ದಾಟಿದ್ದೂ ಉಂಟು, ಚಳಿಗಾಲದಲ್ಲಿ ಸೊನ್ನೆಗಿಂತ ಕೆಳಗೆ ಇಳಿದದ್ದೂ ಉಂಟು. ಮರಳು ಬೇಗ ಕಾಯುತ್ತೆ, ಬೇಗ ಆರುತ್ತೆ, ಅಷ್ಟೇ. ನಾನೂ ಬಿಡಲಿಲ್ಲ. ನಮ್ಮೂರು ಸಾವಿರ ಮೀಟರ್ ಎತ್ತರ, ಕಿಲೋಮೀಟರ್ ಮೇಲೆ ಹೋದರೆ ಆರು ಡಿಗ್ರಿ ತಂಪು, ಮುಳ್ಳಯ್ಯನಗಿರಿಯಲ್ಲಂತೂ ಮೇನಲ್ಲೂ ನಡುಗಬೇಕು ಅಂತ ಶುರು ಮಾಡಿದೆ. ಅಷ್ಟರಲ್ಲಿ ಎಲ್ಲರೂ ಕೂಲರ್ ಮುಂದೆ ಜಾಗ ಹಿಡಿಯಲು ಎದ್ದುಹೋದರು.

ಸಂಜೆ ಬ್ಯಾಗ್ ತೆಗೆದೆ. ಮುಚ್ಚಳ ಸಡಿಲವಾಗಿತ್ತು. ಸ್ವೆಟರ್ ಇಡೀ ಎಣ್ಣೆ ಕುಡಿದು ಒದ್ದೆ ಬೆಕ್ಕಿನ ಹಾಗೆ ಬಿದ್ದಿತ್ತು. ಅದೇ ಹೊತ್ತಿಗೆ ಅಮ್ಮನ ಫೋನ್.

'ಎಣ್ಣೆ ಹೇಗಿದೆ?'

'ಕರಗಿದೆ ಅಮ್ಮಾ.'

'ಹೌದಾ? ಹಾಗಾದ್ರೆ ಸ್ವೆಟರ್ ಬೇಡ ಬಿಡು.'