ಕಾಫಿ ಹಾಟ್ಲಿ ಆದ ಕತೆ

ಕಳೆದ ವಾರ ಮೂಡಿಗೆರೆಗೆ, ಅಣ್ಣನ ಮನೆಗೆ ಹೋಗಿದ್ದೆ. ಮೂರನೇ ಕ್ಲಾಸಿನ ಅವನ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ನೋಟ್‌ಬುಕ್ಕಿನಲ್ಲಿ 'ದ ಕಾಫಿ ಈಸ್ ಹಾಟ್ಲಿ' ಅಂತ ಬರೆದಿದ್ದಾಳೆ. ಅದರ ಮೇಲೆ ಕೆಂಪು ಇಂಕಿನ ದೊಡ್ಡ ಇಂಟು ಮಾರ್ಕು.

"ನೀನೇ ಹೇಳ್ಕೊಟ್ಟಿದ್ದಲ್ವಾ ಅತ್ತೆ!"

ಹೌದು, ತಪ್ಪು ನನ್ನದೇ. ರಜೆಯಲ್ಲಿ ಒಂದು ಸುಲಭದ ದಾರಿ ಹೇಳಿಕೊಟ್ಟಿದ್ದೆ. ಕನ್ನಡದಲ್ಲಿ 'ಆಗಿ' ಬಂದರೆ ಇಂಗ್ಲಿಷಿನಲ್ಲಿ 'ಲಿ' ಹಾಕು. ಜೋರಾಗಿ, ಲೌಡ್ಲಿ. ನಿಧಾನವಾಗಿ, ಸ್ಲೋಲಿ. ಅವಳು ಅದನ್ನೇ ಮಾಡಿದ್ದಾಳೆ. ಕಾಫಿ ಬಿಸಿಯಾಗಿ ಇದೆ, ಅಂದಮೇಲೆ ಹಾಟ್ಲಿ. ಲೆಕ್ಕ ಸರಿಯಾಗೇ ಇದೆ ಅಲ್ವಾ?

ಮನೆ ಚೆನ್ನಾಗಿದೆ, ಮೋಡ ಕಪ್ಪಾಗಿದೆ ಅನ್ನುತ್ತೇವೆ ನಾವು. ವಸ್ತು ಹೇಗಿದೆ ಅನ್ನುವುದಕ್ಕೂ ನಮಗೆ 'ಆಗಿ' ಬೇಕು, ಕೆಲಸ ಹೇಗೆ ನಡೆಯಿತು ಅನ್ನುವುದಕ್ಕೂ ಬೇಕು. ಇಂಗ್ಲಿಷಿನಲ್ಲಿ ಅವೆರಡೂ ಬೇರೆ ಬೇರೆ. ಮೊದಲನೆಯದು ಗುಣವಾಚಕ, ಅದಕ್ಕೆ ಲಿ ಬೇಡ. ಎರಡನೆಯದು ಕ್ರಿಯಾವಿಶೇಷಣ. ಈ ಹೆಸರುಗಳನ್ನು ಎಂಟು ವರ್ಷದ ಮಕ್ಕಳ ಬಾಯಿಗೆ ಯಾಕೆ ತುರುಕುತ್ತಾರೋ!

"ಇಲ್ಲಿ ಯಾರಾದ್ರೂ ಏನಾದ್ರೂ ಕೆಲಸ ಮಾಡ್ತಿದ್ದಾರಾ?" ಅಂತ ಕೇಳಿದೆ.

"ಇಲ್ಲ, ಕಾಫಿ ಸುಮ್ನೆ ಲೋಟದಲ್ಲಿದೆ." ರಬ್ಬರ್ ತಗೊಂಡು ಅವಳೇ ಲಿ ಅಳಿಸಿದಳು.

ಆಮೇಲೆ ಅಪ್ಪನ ಬಗ್ಗೆ ಒಂದು ವಾಕ್ಯ: 'ಮೈ ಫಾದರ್ ವರ್ಕ್ಸ್ ಹಾರ್ಡ್ಲಿ.' ಹಾಗಂದರೆ ಅಪ್ಪ ಕೆಲಸ ಮಾಡುವುದೇ ಅಪರೂಪ ಅಂತ! ಪಾಪ, ಅಣ್ಣ ಇಡೀ ದಿನ ಮಳೆಯಲ್ಲಿ ನೆನೆದುಕೊಂಡು ತೋಟದಲ್ಲಿ ಚಿಗುರು ತೆಗೆಸಿ ಬಂದಿದ್ದ. "ಸರಿಯಾಗೇ ಬರೆದಿದ್ದಾಳೆ ಬಿಡಿ" ಅಂತ ಅಡುಗೆಮನೆಯಿಂದ ಅತ್ತಿಗೆ. ಹಾರ್ಡ್, ಫಾಸ್ಟ್ ಎರಡೂ ಲಿ ಇಲ್ಲದೆಯೇ ಎರಡೂ ಕಡೆ ನಡೆಯುತ್ತವೆ. ಗುಡ್ ಹೋಗಿ ವೆಲ್ ಆಗುತ್ತದೆ. ಫ್ರೆಂಡ್ಲಿಗೆ ಬಾಲ ಇದ್ದರೂ ಅದು ಗುಣವಾಚಕವೇ. ಇವು ಬಾಯಲ್ಲಿ ಆಡಿ ಆಡಿಯೇ ಬರಬೇಕು.

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂದಿದೆ. ಒಳ್ಳೆಯದೇ. ನನಗೆ ಸಿಟ್ಟು ಬರುವುದು, ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಎತ್ತಲೇಬಾರದು ಅನ್ನುವವರ ಮೇಲೆ. ಮಗು ಕನ್ನಡದಲ್ಲಿ ಯೋಚಿಸಿ ತಪ್ಪಿದೆ. ಯಾಕೆ ಹೀಗೆ ಬರೆದೆ ಅಂತ ಕನ್ನಡದಲ್ಲೇ ಕೇಳದೆ ಇಂಟು ಹಾಕಿದರೆ ಅದಕ್ಕೆ ಏನು ತಿಳಿಯಬೇಕು?

ಹೊರಗೆ ಮಳೆ ಜಾಸ್ತಿಯಾಯಿತು. "ಮಳೆ ಧೋ ಅಂತ ಸುರೀತಿದೆ. ಧೋಗೆ ಇಂಗ್ಲಿಷಲ್ಲಿ ಏನತ್ತೆ?"

"ಹೆವಿಲಿ."

ಕಿಟಕಿ ಕಡೆ ಒಂದ್ಸಲ ನೋಡಿದಳು. "ಸ್ವಲ್ಪ ಕಮ್ಮಿ ಆಯ್ತು" ಅಂದಳು.