ಒಲೆ ಬೇಡ, ಹಲ್ಲು ಬೇಕು

ಒಲೆ ಬೇಡ, ಓವನ್ ಬೇಡ, ಸಕ್ಕರೆ ಬೇಡ, ಹತ್ತೇ ನಿಮಿಷದ ಕೆಲಸ. ಹೀಗೆ ಶುರುವಾಗುವ ರೆಸಿಪಿ ಕಂಡರೆ ನನಗೀಗ ಸಣ್ಣ ಭಯ. ಬೇಡಗಳ ಪಟ್ಟಿ ಉದ್ದವಾದಷ್ಟೂ ಬೇಕುಗಳನ್ನು ಎಲ್ಲೋ ಬಚ್ಚಿಟ್ಟಿರುತ್ತಾರೆ. ಮರದ ತೊಗಟೆಯ ಹಾಗೆ ತುಂಡು ತುಂಡಾಗಿ ಮುರಿದು ತಿನ್ನುವ ಫ್ರೋಜನ್ ಮೊಸರಿನ ಬಾರ್ಕ್ ವಿಷಯದಲ್ಲಂತೂ ಬಚ್ಚಿಟ್ಟದ್ದು ಒಂದೆರಡಲ್ಲ. ದಪ್ಪ ಮೊಸರಿಗೆ ಜೇನುತುಪ್ಪ ಕಲಸಬೇಕು, ತಟ್ಟೆಯಲ್ಲಿ ತೆಳ್ಳಗೆ ಹರಡಬೇಕು, ಮೇಲೆ ಹಣ್ಣಿನ ಚೂರು, ಬಾದಾಮಿ ಉದುರಿಸಿ ಫ್ರೀಜರ್‌ಗೆ ತಳ್ಳಬೇಕು. ಗಟ್ಟಿಯಾದ ಮೇಲೆ ಮುರಿದು ತಿನ್ನಬೇಕು. ಕೇಳಲು ಎಷ್ಟು ಸುಲಭ, ಅಲ್ವಾ? ಫೋಟೋದಲ್ಲಿ ಇನ್ನೂ ಸುಲಭ.

ಬೆಂಕಿಯಿಲ್ಲದ ಅಡುಗೆಯಲ್ಲಿ ಕೆಡಲು ಏನೂ ಇಲ್ಲ ಅಂತ ಜನ ತಿಳಿದಿದ್ದಾರೆ. ನನ್ನ ಕೇಳಿದರೆ ಬೆಂಕಿಯೇ ವಾಸಿ. ಅದಕ್ಕೆ ಮುಚ್ಚುಮರೆ ಗೊತ್ತಿಲ್ಲ. ತಳ ಹಿಡಿದರೆ ವಾಸನೆ ಬರುತ್ತದೆ, ಉಕ್ಕಿದರೆ ಚುಸ್ಸೆನ್ನುತ್ತದೆ. ಆಚೆ ಕೋಣೆಯಲ್ಲಿ ಫೋನ್ ಹಿಡಿದು ಕೂತಿದ್ದರೂ ಎದ್ದು ಓಡಬಹುದು. ನಡುವೆ ಉಪ್ಪು ನೋಡಬಹುದು, ಉರಿ ತಗ್ಗಿಸಬಹುದು. ಫ್ರೀಜರ್ ಹಾಗಲ್ಲ. ಬಾಗಿಲು ಹಾಕಿದ ಮೇಲೆ ಅದು ತುಟಿ ಪಿಟಕ್ಕೆನ್ನುವುದಿಲ್ಲ. ನಾಲ್ಕು ಗಂಟೆ ಕಳೆದು ತೆಗೆದಾಗಲೇ ಒಳಗೆ ಏನು ನಡೆದಿದೆ ಅಂತ ಗೊತ್ತಾಗುವುದು. ಆಗ ಮಾಡಲು ಏನೂ ಉಳಿದಿರುವುದಿಲ್ಲ.

ಮೊದಲ ತಕರಾರು ಆ 'ದಪ್ಪ ಮೊಸರು' ಅನ್ನುವ ಎರಡು ಪದಗಳಲ್ಲೇ ಇದೆ. ಮನೆಯ ಮೊಸರಿನಲ್ಲಿ ನೂರಕ್ಕೆ 85 ಪಾಲಿಗೂ ಜಾಸ್ತಿ ನೀರೇ ಇರುತ್ತದೆ. ಹಾಗೇ ಹರಡಿದರೆ ಅದು ತಟ್ಟೆಯಲ್ಲಿ ನಿಲ್ಲುವುದಿಲ್ಲ, ನಡೆದಾಡುತ್ತದೆ. ಆದ್ದರಿಂದ ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ ನೀರು ಇಳಿಸಬೇಕು. ಹತ್ತು ನಿಮಿಷದ ರೆಸಿಪಿಯಲ್ಲಿ ಈ ನಾಲ್ಕೈದು ಗಂಟೆ ಲೆಕ್ಕಕ್ಕಿಲ್ಲ! ನಮ್ಮ ಅಡುಗೆಮನೆಯಲ್ಲಿ ಗಂಟು ನೇತುಹಾಕಲು ಇರುವ ಒಂದೇ ಜಾಗ ಸಿಂಕಿನ ನಲ್ಲಿ. ನೇತುಹಾಕಿದೆ. ಮಧ್ಯಾಹ್ನ ಮನೆಯವರು ಹೊರಗಿನಿಂದ ಬಂದವರೇ ಕೈ ತೊಳೆಯಲು ನಲ್ಲಿ ತಿರುಗಿಸಿದರು. ಬೆಳಿಗ್ಗೆಯಿಂದ ಹನಿ ಹನಿಯಾಗಿ ಇಳಿದಿದ್ದ ನೀರು ಅರ್ಧ ನಿಮಿಷದಲ್ಲಿ ವಾಪಸ್ಸು ಬಂತು, ಬಡ್ಡಿ ಸಮೇತ. "ಇದೇನು ನಲ್ಲಿಗೆ ಬ್ಯಾಂಡೇಜ್ ಹಾಕಿದ್ದೀಯ?" ಅಂತ ಬೇರೆ ಕೇಳಿದರು. ಸೋರುವ ನಲ್ಲಿಗೆ ಯಾರೋ ಬಟ್ಟೆ ಸುತ್ತಿದ್ದಾರೆ ಅಂದುಕೊಂಡರಂತೆ.

ನೀರು ಸರಿಯಾಗಿ ಇಳಿದರೂ ನೋವು ತಪ್ಪುವುದಿಲ್ಲ. ಒಂದು ಲೀಟರ್ ಮೊಸರು ಕಟ್ಟಿದರೆ ಕೈಗೆ ಸಿಗುವುದು ಹೆಚ್ಚುಕಮ್ಮಿ ಅರ್ಧ. ಉಳಿದದ್ದು ತೆಳು ಹಳದಿ ನೀರು. ಅದರಲ್ಲೂ ಒಂದಿಷ್ಟು ಪ್ರೋಟೀನ್ ಇದೆ, ಖನಿಜಗಳಿವೆ. ಆರೋಗ್ಯಕ್ಕಾಗಿ ಹೊರಟವರು ಅದನ್ನು ಸಿಂಕಿಗೆ ಸುರಿಯುವುದು ಹೇಗೆ? ಹಿಟ್ಟು ಕಲಸಲು ಬಳಸಿದೆ, ಸೂಪಿಗೆ ಸೇರಿಸಿದೆ, ಒಂದು ಲೋಟ ನಾನೇ ಕುಡಿದೆ. ಮರುದಿನದಿಂದ ಮನೆಯಲ್ಲಿ ಏನು ಹುಳಿಯಾಗಿದ್ದರೂ ಎಲ್ಲರೂ ನನ್ನ ಮುಖ ನೋಡತೊಡಗಿದರು.

ಇನ್ನು ಸಿಹಿಯ ವಿಷಯ. ಇಲ್ಲಿ ನಾಲಿಗೆಯೇ ಕೈಕೊಡುತ್ತದೆ. ತುಂಬಾ ತಣ್ಣಗಿರುವ ಪದಾರ್ಥದ ಸಿಹಿ ನಾಲಿಗೆಗೆ ಕಡಿಮೆ ಗೊತ್ತಾಗುತ್ತದೆ. ಕರಗಿದ ಐಸ್‌ಕ್ರೀಮ್ ಕುಡಿದು ನೋಡಿ, ಗಂಟಲು ಕಟ್ಟುವಷ್ಟು ಸಿಹಿ. ಅದೇ ಗಟ್ಟಿಯಾಗಿದ್ದಾಗ ಹದವಾಗಿರುತ್ತದೆ. ಅಂದರೆ ಬಟ್ಟಲಲ್ಲಿ ಸರಿಯಾಗಿರುವ ಸಿಹಿ ಫ್ರೀಜರ್‌ನಿಂದ ಬರುವಷ್ಟರಲ್ಲಿ ಸಪ್ಪೆ. ಅದಕ್ಕೇ ಒಂದು ಚಮಚ ಜಾಸ್ತಿ ಹಾಕಬೇಕಾಗುತ್ತದೆ. ಸಕ್ಕರೆ ಬೇಡ ಅಂದಿದ್ದಾರಲ್ಲ, ಜೇನು ತಾನೇ, ಹಾಕಿ! ಆದರೆ ಲೆಕ್ಕ ನೋಡಿ. ಒಂದು ದೊಡ್ಡ ಚಮಚ ಸಕ್ಕರೆಯಲ್ಲಿ ಸುಮಾರು 50 ಕ್ಯಾಲೊರಿ. ಅದೇ ಚಮಚದ ತುಂಬ ಜೇನು ಹಾಕಿದರೆ 64. ಜೇನು ತೂಕ ಜಾಸ್ತಿ, ಅದಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆ ಕಡಿಮೆ ಮಾಡಿ ಅಂತ ಹೇಳಿದಾಗ ಜೇನನ್ನೂ ಅದೇ ಸಾಲಿನಲ್ಲಿ ಕೂರಿಸಿತು. ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ಅದು. ಒಂದು ದೊಡ್ಡ ಚಮಚ ಜೇನಿನಲ್ಲೇ 17 ಗ್ರಾಂ ಸಕ್ಕರೆ ಮುಗಿಯಿತು. ಈ ಲೆಕ್ಕವನ್ನು ಊಟದ ಮೇಜಿನಲ್ಲಿ ಓದಿ ಹೇಳಿದೆ. ಯಾರೂ ತಲೆ ಎತ್ತಲಿಲ್ಲ.

ಓದಿದ್ದರ ಪರಿಣಾಮ, ಜೇನೇ ಇಲ್ಲದ ಒಂದು ತಟ್ಟೆ ತಯಾರಾಯಿತು. ಪೂರ್ತಿ ಆರೋಗ್ಯ. ಅದು ಹೊರಗೆ ಬಂದಾಗ ಹೆಂಚಿನ ಹಾಗಿತ್ತು. ಮನೆಯ ಫ್ರೀಜರ್ ಸಾಮಾನ್ಯವಾಗಿ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತದೆ. ಆ ಚಳಿಯಲ್ಲಿ ಮೊಸರಿನ ನೀರು ಸುಮ್ನೆ ಬಿಡುತ್ತದೆಯೇ? ಚಾಕು ಹಾಕಿದೆ, ಚಾಕು ಜಾರಿತು. ಲಟ್ಟಣಿಗೆಯಲ್ಲಿ ಕುಟ್ಟಿದೆ. ಕೆಳಗಿನ ಮನೆಯವರು ಫೋನ್ ಮಾಡಿ ಗೋಡೆ ಒಡೆಸುತ್ತಿದ್ದೀರಾ ಅಂತ ವಿಚಾರಿಸಿದರು. ಕೊನೆಗೊಂದು ಪೆಟ್ಟಿಗೆ ಸಿಡಿದ ತುಂಡು ನೇರ ಫ್ರಿಜ್ ಅಡಿಗೆ ಹೋಯಿತು. ಅದನ್ನು ತೆಗೆಯಲು ಪೊರಕೆ, ಟಾರ್ಚು, ಅಳತೆಪಟ್ಟಿ ಎಲ್ಲ ಬಂತು. ಅಷ್ಟರಲ್ಲಿ ಅದು ಕರಗಿತ್ತು. ನಾಲ್ಕು ದಿನ ಅಡುಗೆಮನೆ ಒಂಥರಾ ಹುಳಿ ನಾತ. ಹಲ್ಲಿದ್ದವರಿಗೆ ಕಡಲೆಯಿಲ್ಲ ಅನ್ನುತ್ತಾರಲ್ಲ, ಇಲ್ಲಿ ಹಲ್ಲೂ ಇತ್ತು, ಕಡಲೆಯೂ ಇತ್ತು, ಇಬ್ಬರನ್ನೂ ಭೇಟಿ ಮಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಅಂಗಡಿಯ ಐಸ್‌ಕ್ರೀಮ್ ಚಮಚಕ್ಕೆ ಮೆತ್ತಗೆ ಸಿಗುವ ಗುಟ್ಟು ಆಮೇಲೆ ತಿಳಿಯಿತು. ಅದನ್ನು ಕಡೆಯುತ್ತಲೇ ಹೆಪ್ಪುಗಟ್ಟಿಸುತ್ತಾರೆ. ಒಳಗೆ ಗಾಳಿ ಸೇರುತ್ತದೆ, ಕೆಲವದರಲ್ಲಿ ಅರ್ಧದಷ್ಟು ಗಾಳಿಯೇ. ಜೊತೆಗೆ ಕೊಬ್ಬು, ಸಕ್ಕರೆ. ಸಕ್ಕರೆ ಕರಗಿದ ನೀರು ಸೊನ್ನೆ ಡಿಗ್ರಿಗೆ ಗಟ್ಟಿಯಾಗುವುದಿಲ್ಲ, ಇನ್ನೂ ಕೆಳಗೆ ಇಳಿಯಬೇಕು. ಒಂದಷ್ಟು ನೀರು ನೀರಾಗಿಯೇ ಉಳಿಯುವುದರಿಂದ ಹಲ್ಲಿಗೆ ಮೆತ್ತಗೆ. ಒಟ್ಟಿನಲ್ಲಿ ಯಾವುದನ್ನು ನಾವು ಆರೋಗ್ಯದ ಹೆಸರಿನಲ್ಲಿ ಮನೆಯಿಂದ ಓಡಿಸಿದ್ದೆವೋ, ಹಲ್ಲು ಕಾಯುತ್ತಿದ್ದದ್ದು ಅದೇ.

ಇದನ್ನು ಮನೆಯಲ್ಲಿ ವಿವರಿಸಿದ್ದರಿಂದ ಇನ್ನೊಂದು ಅನಾಹುತ ಆಯಿತು. ಮುಂದಿನ ತಟ್ಟೆಗೆ ಲೆಕ್ಕದ ಪ್ರಕಾರ ಎರಡೇ ಚಮಚ ಜೇನು ಹಾಕಿ, ಬಟ್ಟಲನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದೆ. ಮಗಳು ಬಂದು ರುಚಿ ನೋಡಿ ಒಂದು ಚಮಚ ಸೇರಿಸಿದಳು. ಅವಳಪ್ಪ ಬಂದರು, ಮೆತ್ತಗಾಗಲಿ ಅಂತ ಇನ್ನೊಂದು. ಅತ್ತೆ ಬಂದು "ಪಾಪ, ಮಕ್ಕಳು ತಿನ್ನೋದು" ಅಂತ ಕೈ ತುಸು ಧಾರಾಳ ಮಾಡಿದರು. ಯಾರೂ ಇನ್ನೊಬ್ಬರಿಗೆ ಹೇಳಲಿಲ್ಲ. ರಾತ್ರಿ ತೆಗೆದರೆ ತಟ್ಟೆಯಲ್ಲಿ ಹೆಪ್ಪುಗಟ್ಟಲು ಸಿದ್ಧವಿಲ್ಲದ, ಅಂಟಂಟಾದ ಒಂದು ಹಾಸು. ಮುರಿಯಲು ಹೋದರೆ ಬಾಗುತ್ತಿತ್ತು. ವಿಚಾರಣೆ ನಡೆಯಿತು. ಪ್ರತಿಯೊಬ್ಬರೂ ತಾವು ಹಾಕಿದ್ದು ಒಂದೇ ಚಮಚ ಅಂದರು. ಅದು ನಿಜವೂ ಹೌದು.

ತಟ್ಟೆಯದ್ದೇ ಒಂದು ಅಧ್ಯಾಯ ಬರೆಯಬಹುದು. ಸ್ಟೀಲ್ ತಟ್ಟೆಗೆ ಏನೂ ಹಾಸದೆ ಮೊಸರು ಹರಡಿದರೆ ಅವೆರಡೂ ಮದುವೆಯಾಗಿಬಿಡುತ್ತವೆ. ಕೆಳಗೆ ಬಟರ್ ಪೇಪರ್ ಬೇಕೇ ಬೇಕು. ನಮ್ಮಲ್ಲಿ ಅದು ಮುಗಿದ ದಿನ ಮಗಳ ಡ್ರಾಯಿಂಗ್ ಹಾಳೆ ಹಾಸಲಾಯಿತು. ಹಾಳೆ ಒದ್ದೆಯಾಗಿ, ಆಮೇಲೆ ಹೆಪ್ಪುಗಟ್ಟಿ, ಮೊಸರಿನಿಂದ ಬೇರೆಯಾಗಲು ಒಪ್ಪಲಿಲ್ಲ. ನಾರಿನಂಶ ಇದೆ ಅಂತ ಹೇಳಿ ಬಡಿಸುವಷ್ಟು ಆಸೆಯಾಗಿತ್ತು. ಇನ್ನು ಒದ್ದೆ ಬೆರಳಿನಿಂದ ಫ್ರೀಜರ್‌ನ ಲೋಹದ ತಟ್ಟೆ ಮುಟ್ಟಬೇಡಿ. ಲೋಹ ಬೆರಳಿನ ಶಾಖವನ್ನು ಸರಕ್ಕನೆ ಎಳೆದುಕೊಳ್ಳುತ್ತದೆ, ಬೆರಳಿನ ಮೇಲಿನ ತೇವ ಅಲ್ಲೇ ಐಸ್ ಆಗುತ್ತದೆ, ನೀವು ಅಲ್ಲೇ ಉಳಿಯುತ್ತೀರಿ. ಕಿತ್ತುಕೊಳ್ಳಬಾರದು, ಉಗುರುಬೆಚ್ಚಗಿನ ನೀರು ಬಿಡಬೇಕು. ತಟ್ಟೆ ಹಿಡಿದುಕೊಂಡೇ ನಲ್ಲಿಯವರೆಗೆ ನಡೆದು ಹೋಗುವ ಆ ಮೆರವಣಿಗೆ ನೋಡಲು ಚೆಂದ, ನಡೆಯುವವರಿಗಲ್ಲ.

ಫ್ರೀಜರ್ ಒಳಗೆ ಸಮತಟ್ಟಾದ ಜಾಗ ಯಾರ ಮನೆಯಲ್ಲಿ ಇರುತ್ತದೋ ನನಗಂತೂ ಗೊತ್ತಿಲ್ಲ. ಬಟಾಣಿ ಚೀಲದ ಮೇಲೆ ಒಂದು ಕಾಲು, ಐಸ್ ಟ್ರೇ ಮೇಲೆ ಒಂದು ಕಾಲು ಇಟ್ಟು ತಟ್ಟೆ ವಾಲಿಕೊಂಡು ನಿಂತಿತ್ತು. ಬೆಳಿಗ್ಗೆ ನೋಡಿದರೆ ಹಣ್ಣೆಲ್ಲ ಒಂದು ಮೂಲೆಗೆ ವಲಸೆ ಹೋಗಿದೆ. ಅಲ್ಲಿ ಮೊಸರು ಎರಡು ಬೆರಳು ದಪ್ಪ, ಈ ತುದಿಯಲ್ಲಿ ತಟ್ಟೆಯೇ ಕಾಣುತ್ತಿದೆ. ಮಗಳು ಬೇರೆ, ಆಯಿತಾ ಅಂತ ನೋಡಲು ಗಳಿಗೆಗೊಮ್ಮೆ ಬಾಗಿಲು ತೆಗೆಯುತ್ತಿದ್ದಳು. ಹೀಗೆ ಚಳಿ ಏರಿಳಿದರೆ, ಹೆಪ್ಪು ನಿಧಾನವಾದರೆ, ಮಂಜಿನ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ. ಬಾಯಲ್ಲಿ ಕರಕರ ಅನ್ನುವುದು ಅದೇ. ಅರ್ಧ ಸೆಂಟಿಮೀಟರ್‌ನಷ್ಟು ತೆಳ್ಳಗೆ ಹರಡಿದರೆ ಬೇಗ ಗಟ್ಟಿಯಾಗುತ್ತದೆ, ಹರಳೂ ಸಣ್ಣದಾಗಿರುತ್ತದೆ. ಮೇಲೆ ಮುಚ್ಚುವುದನ್ನಂತೂ ಮರೆಯಬಾರದು. ಅದೇ ಫ್ರೀಜರ್‌ನಲ್ಲಿ ಬೆಳ್ಳುಳ್ಳಿ ಪೇಸ್ಟಿನ ಡಬ್ಬಿ ಸರಿಯಾಗಿ ಮುಚ್ಚದೆ ಇತ್ತು. ಮೊಸರಿನ ಕೊಬ್ಬು ಪಕ್ಕದವರ ವಾಸನೆಯನ್ನು ಮನಸಾರೆ ಹೀರಿಕೊಳ್ಳುತ್ತದೆ. ಸ್ಟ್ರಾಬೆರಿ, ಜೇನು, ಬೆಳ್ಳುಳ್ಳಿ. ಒಬ್ಬರು ಮಾತ್ರ ಎರಡನೇ ತುಂಡು ಕೇಳಿದರು, ಅವರಿಗೆ ನೆಗಡಿಯಾಗಿತ್ತು.

ಇಷ್ಟೆಲ್ಲ ಗೆದ್ದು, ಒಂದು ದಿನ ತಟ್ಟೆ ಸರಿಯಾಗಿಯೇ ಬಂತು. ನೀರಿಳಿಸಿದ ಮೊಸರು, ಕಾವಲಿನಲ್ಲಿ ಅಳೆದು ಹಾಕಿದ ಜೇನು, ಮೇಲೆ ಒಣದ್ರಾಕ್ಷಿ, ಬಾದಾಮಿ. ತಾಜಾ ಹಣ್ಣು ಕಡಿಮೆ ಮಾಡಿದ್ದೆ, ಯಾಕೆಂದರೆ ಸ್ಟ್ರಾಬೆರಿಯಲ್ಲಿ ನೂರಕ್ಕೆ 90 ಪಾಲು ನೀರು. ಗಟ್ಟಿಯಾದಾಗ ಬೆಣಚುಕಲ್ಲು, ಕರಗಿದಾಗ ಮುದ್ದೆ. ಅದೇ ಸಂಜೆ ನೆಂಟರು ಬಂದರು. ಜೊತೆಗೊಂದು ಪುಟ್ಟ ಕೂಸು. ಅಜ್ಜಿಯೊಬ್ಬರು ಕೂಸಿನ ಬಾಯಿಗೊಂದು ಚೂರು ಇಡಲು ಹೋದರು, ನಾನು ಹಾರಿ ತಡೆದೆ. ಒಂದು ವರ್ಷ ತುಂಬದ ಮಕ್ಕಳಿಗೆ ಜೇನು ಕೊಡಲೇಬಾರದು, ಇದರಲ್ಲಿ ತಮಾಷೆ ಇಲ್ಲ. ಅಜ್ಜಿ ಮುಖ ಊದಿಸಿಕೊಂಡು ಆ ಚೂರನ್ನು ತಮ್ಮ ಬಾಯಿಗೇ ಹಾಕಿಕೊಂಡರು. ಮರುಕ್ಷಣ ಹಣೆ ಹಿಡಿದುಕೊಂಡು ಕಣ್ಣು ಮುಚ್ಚಿದರು. ಕೋಪ ಇಷ್ಟು ಬೇಗ ತಲೆಗೇರಿತೇ ಅಂತ ನನಗೆ ಗಾಬರಿ. ಅದು ಕೋಪವಲ್ಲ. ಅಂಗುಳಿಗೆ ದಿಢೀರನೆ ಚಳಿ ತಗುಲಿದರೆ ಅಲ್ಲಿನ ರಕ್ತನಾಳಗಳು ಗಡಿಬಿಡಿಯಾಗುತ್ತವೆ, ನೋವು ಮಾತ್ರ ಹಣೆಯಲ್ಲಿ ಕಾಣಿಸಿಕೊಳ್ಳುತ್ತದೆ. "ನಾಲಿಗೆಯನ್ನು ಅಂಗುಳಿಗೆ ಒತ್ತಿ" ಅಂದೆ. ನಾಲಿಗೆ ಒತ್ತಿಕೊಂಡೇ ಅವರು ಬೈಯಲು ನೋಡಿದರು. ಏನೂ ಅರ್ಥವಾಗಲಿಲ್ಲ, ಒಳ್ಳೆಯದೇ ಆಯಿತು.

ಈ ತಿಂಡಿಗೆ ಸಿಗುವ ಮುಹೂರ್ತ ಬಹಳ ಚಿಕ್ಕದು. ತೆಗೆದ ತಕ್ಷಣ ಕಲ್ಲು. ಮೂರ್ನಾಲ್ಕು ನಿಮಿಷ ಬಿಟ್ಟರೆ ಅಮೃತ. ಇನ್ನೂ ಸ್ವಲ್ಪ ಬಿಟ್ಟರೆ ಮೊಸರು. ಆದರೆ ನೆಂಟರು ನೆಂಟರೇ. ತಟ್ಟೆ ಮುಂದಿಟ್ಟರೆ ನೀವು ತಗೊಳ್ಳಿ, ಇಲ್ಲ ನೀವು ಮೊದಲು, ಅಂತ ಉಪಚಾರ ಶುರು. ಒಬ್ಬರು ಫೋಟೋ ತೆಗೆದರು. ಇನ್ನೊಬ್ಬರಿಗೆ ಫ್ರೀಜರ್‌ನಲ್ಲಿ ಮೊಸರಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುವುದಿಲ್ಲವೇ ಅನ್ನುವ ಅನುಮಾನ. ಕೆಲವು ಸಾಯುತ್ತವೆ, ಬಹುಪಾಲು ನಿದ್ದೆ ಹೋಗುತ್ತವೆ, ಬೆಚ್ಚಗಾದರೆ ಏಳುತ್ತವೆ ಅಂತ ನಾನು ಹೇಳಿ ಮುಗಿಸುವಷ್ಟರಲ್ಲಿ ಅವು ಎದ್ದು ಕೂತಿದ್ದವು. ತಟ್ಟೆಯ ತುಂಬ ಬಿಳಿ ಕೆರೆ, ನಡುವೆ ಬಾದಾಮಿ ದ್ವೀಪಗಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಬಟ್ಟಲುಗಳಿಗೆ ಬಳಿದು ಚಮಚ ಹಾಕಿ ಕೊಟ್ಟೆ. ಆಶ್ಚರ್ಯ ನೋಡಿ, ಎಲ್ಲರೂ ಚಪ್ಪರಿಸಿದರು. ಅಜ್ಜಿ ಕೂಡ ಇನ್ನೊಂದು ಬಟ್ಟಲು ಕೇಳಿದರು. ಫೋಟೋ ತೆಗೆದವರು ಪೆನ್ನು ಹಿಡಿದು ಪಕ್ಕಕ್ಕೆ ಬಂದು ಕೂತರು. "ಎಷ್ಟು ಚೆನ್ನಾಗಿದೆ! ಹೇಗೆ ಮಾಡೋದು ಹೇಳಿ."

"ಮೊಸರಿಗೆ ಜೇನು ಕಲಸಿ ನಾಲ್ಕು ಗಂಟೆ ಫ್ರೀಜರ್‌ನಲ್ಲಿ ಇಡಬೇಕು" ಅಂದೆ.

"ಆಮೇಲೆ?"

"ಆಮೇಲೆ ಹೊರಗಿಟ್ಟು ಕರಗಿಸಬೇಕು."

ಅವರು ಅದನ್ನೂ ಬರೆದುಕೊಂಡು ಕೆಳಗೆ ಗೆರೆ ಎಳೆದರು.