ಭದ್ರಾ ಮೇಲ್ದಂಡೆ ಮತ್ತು ಸ್ಥಾಯಿ ಸಮಿತಿ

2023ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ಘೋಷಿಸಿದ 5,300 ಕೋಟಿ ರೂಪಾಯಿ ವಿಚಾರದಲ್ಲಿ, ಸಚಿವಾಲಯದ ಖರ್ಚನ್ನು ಪರಿಶೀಲಿಸುವ ಸಂಸದರ ಜಲಸಂಪನ್ಮೂಲ ಸ್ಥಾಯಿ ಸಮಿತಿ ಏನು ಮಾಡಿತು ಅಂತ ಒಂದು ಲೇಖನ ಕೇಳಿದೆ. ಘೋಷಿಸಿದ ಹಣ ಬರಲಿಲ್ಲ ಎಂಬ ಚಿತ್ರದುರ್ಗದವರ ಸಿಟ್ಟು ನ್ಯಾಯವೇ. ಆದರೆ ಸಮಿತಿ ಅನುದಾನ ಹೆಚ್ಚಿಸಲಾರದು, ಅಲ್ಲಿ ಕಡಿತ ನಿರ್ಣಯ (ಕೇಳಿದ ಅನುದಾನವನ್ನು ಕಡಿಮೆ ಮಾಡಿ ಎನ್ನುವ ಸೂಚನೆ) ಮಂಡಿಸಲೂ ಬರುವುದಿಲ್ಲ. ಶಿಫಾರಸು, ಅಷ್ಟೇ.

ಸಮಿತಿಗೆ ಅದಕ್ಕಿಂತ ದೊಡ್ಡ ಪೆಟ್ಟು 2017ರದ್ದು. ಬಜೆಟ್ ಮಂಡನೆ ಫೆಬ್ರುವರಿ ಕೊನೆಯಿಂದ ಫೆಬ್ರುವರಿ 1ಕ್ಕೆ ಬಂತು. ಚುನಾವಣೆ ವರ್ಷ ಬಿಟ್ಟರೆ ಮಾರ್ಚ್ 31ರೊಳಗೆ ಎಲ್ಲ ಪಾಸಾಗಬೇಕು. ಅದಕ್ಕೂ ಮೊದಲು ಮಾರ್ಚ್‌ನಲ್ಲಿ ಲೇಖಾನುದಾನ (ಕೆಲವು ತಿಂಗಳ ಖರ್ಚಿಗೆ ಮುಂಗಡ ಒಪ್ಪಿಗೆ) ಪಡೆದು, ಸಚಿವಾಲಯಗಳ ಅನುದಾನ ಬೇಡಿಕೆಗಳನ್ನು ಏಪ್ರಿಲ್-ಮೇವರೆಗೆ ಎಳೆಯುತ್ತಿದ್ದರು. ಹೋದ ವರ್ಷದ ಖರ್ಚು ಹೆಚ್ಚುಕಡಿಮೆ ಪೂರ್ತಿ ಸಮಿತಿಯ ಕಣ್ಣಿಗೆ ಬೀಳುತ್ತಿತ್ತು. ಈಗ ಅಧಿವೇಶನದ ನಡುವಿನ ಬಿಡುವಿನಲ್ಲೇ ಅಧಿಕಾರಿಗಳ ವಿಚಾರಣೆ, ವರದಿ ಎರಡನ್ನೂ ಮುಗಿಸಬೇಕು. ಕೈಗೆ ಸಿಗುವುದು ಡಿಸೆಂಬರ್ ಅಥವಾ ಜನವರಿವರೆಗಿನ ಲೆಕ್ಕ. ‘ಉಳಿದದ್ದು ಕೊನೆಯ ತ್ರೈಮಾಸಿಕದಲ್ಲಿ ಬಿಡುಗಡೆ ಆಗುತ್ತೆ’ ಎಂದು ಇಲಾಖೆ ಅಂದರೆ ಮಾತು ಅಲ್ಲಿಗೆ ಮುಗೀತು.

ಹಾಗಾಗಿ ಬರೀ ಸಮಿತಿಯ ಮಾರ್ಚ್ ವರದಿ ಓದಿ ಪ್ರಯೋಜನ ಕಡಿಮೆ. ಶಿಫಾರಸಿಗೆ ಸಚಿವಾಲಯ ಮೂರು ತಿಂಗಳಲ್ಲಿ ಉತ್ತರ ಕೊಡಬೇಕು, ಅದರ ಮೇಲೆ ‘ಕ್ರಮ ಕೈಗೊಂಡ ವರದಿ’ ಬರುತ್ತದೆ. ಅದರ ಕೊನೆಯ ಎರಡು ಅಧ್ಯಾಯ ನೋಡಿ: ಸಮಿತಿ ಒಪ್ಪದ ಉತ್ತರಗಳು, ಅಂತಿಮ ಉತ್ತರ ಬಾಕಿ ಇರುವವು. ದಾವಣಗೆರೆ, ಚಿತ್ರದುರ್ಗದ ಸಂಸದರನ್ನು ಕೇಳುವುದಿದ್ದರೆ ಆ ಪುಟ ಹಿಡಿದುಕೊಂಡೇ ಕೇಳಬೇಕು.